ಕಲ್ಲು ಒಣಗುವವರೆಗೆ

ಮೊನ್ನೆ ಕುಮಟೆಯ ಹೆದ್ದಾರಿ ಪಕ್ಕದ ಗ್ರಾನೈಟ್ ಅಂಗಡಿಯಲ್ಲಿ ನಾನೊಂದು ಕುರ್ಚಿ ಕೇಳಿದೆ. ಅಡುಗೆಮನೆಯ ಕಟ್ಟೆಗೆ ಹೊಸ ಕಲ್ಲು ಹಾಸಬೇಕೆಂದು ಸೊಸೆ ಸುಧಾ ತಿಂಗಳಿಂದ ನನ್ನನ್ನು ಅಂಗಡಿ ಅಂಗಡಿ ಸುತ್ತಿಸುತ್ತಿದ್ದಾಳೆ. ಸುತ್ತಿಸುತ್ತಿರುವುದು ಅವಳಲ್ಲ, ನಾನೇ ಅವಳನ್ನು ಸುತ್ತಿಸುತ್ತಿದ್ದೇನೆ ಎಂದರೂ ಸರಿಯೇ. ಹೋದಲ್ಲೆಲ್ಲ ಏನಾದರೊಂದು ಕೊರತೆ ಹುಡುಕಿ ಅವಳನ್ನು ಎಬ್ಬಿಸಿಕೊಂಡು ಬಂದಿದ್ದೆ. ಈ ಅಂಗಡಿಯ ತರುಣ ಗೋಡೆಗೆ ಒರಗಿಸಿಟ್ಟ ಚಪ್ಪಡಿಯೊಂದಕ್ಕೆ ಬಾಟಲಿಯಿಂದ ಚಸ್ ಚಸ್ ಎಂದು ನೀರು ಹೊಡೆದ. ಅಲ್ಲಿಯವರೆಗೆ ಧೂಳು ಹಿಡಿದು ಬೆಪ್ಪಾಗಿ ನಿಂತಿದ್ದ ಕಲ್ಲು ಒಮ್ಮೆಲೇ ಎಚ್ಚರಾಯಿತು. ಕಂದು ಮೈಯಲ್ಲಿ ಕೆಂಪು ಚುಕ್ಕೆ, ಚುಕ್ಕೆಯೊಳಗೆ ಮಿನುಗು.

"ನೋಡಿ ಅಮ್ಮಾ, ಹೇಗೆ ಕಾಣ್ತದೆ!" ಎಂದ.

"ಚೆನ್ನಾಗಿದೆ. ಒಂದು ಕುರ್ಚಿ ಕೊಡಿ, ಒಣಗುವವರೆಗೆ ಕೂರ್ತೇನೆ," ಎಂದೆ.

ಪಾಪ, ಅವನು ನನ್ನ ಮೊಣಕಾಲಿನ ಬಗ್ಗೆ ಮರುಗಿ ಕುರ್ಚಿ ತಂದ. ನಾನು ಒಣಗುತ್ತೇನೆ ಎಂದುಕೊಂಡನೋ ಕಲ್ಲು ಒಣಗುತ್ತದೆ ಎಂದುಕೊಂಡನೋ ಗೊತ್ತಿಲ್ಲ. ಸುಧಾ ಹಣೆ ಚಚ್ಚಿಕೊಂಡಳು.

ನೀವೂ ಒಂದು ಕುರ್ಚಿ ಎಳೆದುಕೊಳ್ಳಿ. ಕಲ್ಲು ಒಣಗಲು ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ನಿಮಗೆ ಮಾಬ್ಲ ಮಾವನ ಕತೆ ಹೇಳುತ್ತೇನೆ. ಒದ್ದೆ ಕಲ್ಲನ್ನು ನಂಬಬಾರದು ಎಂಬುದು ನಮ್ಮ ಮನೆಯಲ್ಲಿ ಗಾಯತ್ರಿ ಮಂತ್ರಕ್ಕಿಂತ ಹೆಚ್ಚು ಸಲ ಕೇಳಿಬಂದ ಮಾತು. ಹೇಳುತ್ತಿದ್ದವನು ಅವನೇ. ಗಾಯತ್ರಿಯನ್ನೂ ಅವನೇ ಹೇಳಬೇಕಿತ್ತು, ಆದರೆ ಅದಕ್ಕೆ ಅವನಿಗೆ ಪುರುಸೊತ್ತಿರಲಿಲ್ಲ.

ಮಾಬ್ಲ ಮಾವ ನನ್ನ ಆಯಿಯ, ಅಂದರೆ ಅಮ್ಮನ, ತಮ್ಮ. ಮಹಾಬಲೇಶ್ವರ ಎಂಬ ಭಾರಿ ಹೆಸರನ್ನು ನಮ್ಮ ಕಡೆ ಮಾಬ್ಲ ಎಂದು ಮಡಚಿ ಕಿಸೆಗೆ ಹಾಕಿಕೊಳ್ಳುತ್ತಾರೆ. ನನ್ನ ಅಪ್ಪ ನಾನು ಮಾತು ಕಲಿಯುವ ಮೊದಲೇ ಎದೆಯ ಕಾಯಿಲೆಯಿಂದ ಹೋದ. ಆಯಿ ನನ್ನನ್ನು ಎತ್ತಿಕೊಂಡು ತಮ್ಮನ ಮನೆಗೆ ಬಂದಳು. ತಮ್ಮನೋ, ತೋಟ ಪೂಜೆ ಎರಡನ್ನೂ ಅಣ್ಣಂದಿರಿಗೆ ಬಿಟ್ಟುಕೊಟ್ಟು ಹೊನ್ನಾವರದ ಪೇಟೆಯಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟು ಕೂತಿದ್ದ. ನೆಂಟರ ಮನೆಗಳಲ್ಲಿ ಅವನ ಹೆಸರು ಬಂದರೆ ಒಂದು ಕ್ಷಣ ಎಲ್ಲರೂ ಕವಳ ಅಗಿಯುವುದನ್ನು ನಿಲ್ಲಿಸುತ್ತಿದ್ದರಂತೆ. ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳಿದರೆ "ಪಂಕ್ಚರ್ ಹಾಕಿ ಮುಗಿದ್ದಿಲ್ಲೆ" ಎನ್ನುತ್ತಿದ್ದ.

ಅರವತ್ತರ ದಶಕದ ಶುರುವಿನಲ್ಲಿ ಅವನಿಗೆ ಕಲ್ಲಿನ ಹುಚ್ಚು ಹಿಡಿಯಿತು. ಹಳೆಯ ಸೈಕಲ್ಲುಗಳು ಮಾರಾಟಕ್ಕಿವೆ ಎಂದು ಕೇಳಿ, ಶರಾವತಿಯನ್ನು ತಾರಿಯ ದೋಣಿಯಲ್ಲಿ ದಾಟಿ ಭಟ್ಕಳಕ್ಕೆ ಹೋದವನು ಸೈಕಲ್ ಬಿಟ್ಟು ಕಲ್ಲು ಹೊತ್ತು ತಂದ. ಅಲ್ಲೊಬ್ಬರು ಮುಸ್ಲಿಂ ಸಾಹೇಬರಿದ್ದರು. ಪ್ರಾಯದಲ್ಲಿ ಕೊಲಂಬೋದಲ್ಲಿ ಹರಳಿನ ವ್ಯಾಪಾರ ಮಾಡಿ, ಈಗ ಮನೆಯ ಜಗಲಿಯಲ್ಲಿ ಕಲ್ಲಿನ ಪೆಟ್ಟಿಗೆಗಳ ನಡುವೆ ಕೂತು, ಬೆಳ್ಳಿ ಕೆಲಸದವರಿಗೆ ಉಂಗುರದ ಕಲ್ಲು ಕೊಡುತ್ತಿದ್ದರು. ಅವರ ಜನ ಇಷ್ಟಪಟ್ಟು ಹಾಕಿಕೊಳ್ಳುವ ಅಕೀಕ್ ಎಂಬ ಕೆಂಪು ಕಲ್ಲು, ಹಸಿರು ಕಲ್ಲು, ಈರುಳ್ಳಿ ಕೊಯ್ದಂತೆ ಸುತ್ತು ಸುತ್ತು ಗೆರೆಯಿರುವ ಕಲ್ಲು, ಎಲ್ಲವನ್ನೂ ಮುಂಬೈ ಕಡೆಯಿಂದ ಹಲಗೆ ಹಲಗೆಯಾಗಿ ಗರಗಸದಲ್ಲಿ ಕೊಯ್ಸಿ ತರಿಸುತ್ತಿದ್ದರು. ಶಾಲೆಯ ಪಾಟಿಯಷ್ಟೇ ದಪ್ಪ ಇದ್ದದ್ದರಿಂದ ನಮ್ಮ ಮನೆಯಲ್ಲಿ ಅವಕ್ಕೆ ಪಾಟಿ ಎಂದೇ ಹೆಸರಾಯಿತು.

ಪಾಟಿಯಿಂದ ಒಂದು ಚೂರು ಮುರಿದು, ಅರಗಿನಿಂದ ಕೋಲಿನ ತುದಿಗೆ ಅಂಟಿಸಿ, ತಿರುಗುವ ಸಾಣೆಗೆ ಒತ್ತಿ ಹಿಡಿದರೆ ಉಂಗುರದ ಹರಳಾಗುತ್ತದೆ. ಸಾಣೆ ತಿರುಗಿಸುವವರು ಯಾರು? ಮಾವ ಯಾರೋ ಬಿಟ್ಟುಹೋದ ಲೇಡೀಸ್ ಸೈಕಲ್ಲೊಂದನ್ನು ಜಗಲಿಯ ಮೇಲೆ ಭದ್ರವಾಗಿ ನಿಲ್ಲಿಸಿ, ಹಿಂದಿನ ಚಕ್ರದ ಟೈರು ಕಿತ್ತು, ಅಲ್ಲಿಂದ ಸಾಣೆಗೆ ಪಟ್ಟಿ ಎಳೆದ. ತುಳಿಯಲು ಎಸ್ಸೆಸ್ಸೆಲ್ಸಿ ಪಾಸಾಗಿ ಮದುವೆಗೆ ಕಾಯುತ್ತಿದ್ದ ನಾನು ಸಿಕ್ಕಿದೆ.

"ಕೂಸೇ, ನಿಧಾನ ತುಳಿ. ಇದು ಗೋಕರ್ಣಕ್ಕೆ ಹೋಪ ಸೈಕಲ್ ಅಲ್ಲ."

ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಎಲ್ಲಿಗೂ ಹೋಗದ ಸೈಕಲ್ಲನ್ನು ಬೆಳಿಗ್ಗೆಯಿಂದ ತುಳಿಯುವ ಹುಡುಗಿಯನ್ನು ನೋಡಲು ಪೇಟೆಗೆ ಬಂದವರು ನಮ್ಮ ಮನೆ ಮುಂದೆ ನಿಲ್ಲುತ್ತಿದ್ದರು. ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ ನಕ್ಕು ಹೋಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು ಎಂದು ಹೇಳಿದರೆ ನೀವು ಒಪ್ಪುತ್ತೀರಿ, ಆದರೆ ಅದು ಸುಳ್ಳು. ನನಗೆ ಖುಷಿಯಾಗುತ್ತಿತ್ತು. ಊರಲ್ಲಿ ಬೇರೆ ಯಾವ ಹುಡುಗಿಗೂ ಸೈಕಲ್ ಇರಲಿಲ್ಲ.

ಈ ಕಲ್ಲು ಯಾವುದು ಎಂದು ಗುರುತಿಸುವ ಮಾವನ ಕ್ರಮವೇ ಆಯಿಯ ಪಾಲಿನ ದೊಡ್ಡ ಸಂಕಟ. ಮೊದಲು ಕಲ್ಲನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದ. ಗಾಜಾದರೆ ಬೇಗ ಬೆಚ್ಚಗಾಗುತ್ತದೆ, ಕಲ್ಲಾದರೆ ತಣ್ಣಗೇ ಇರುತ್ತದೆ. ಆಮೇಲೆ ಚೂರಿಯ ತುದಿಯಿಂದ ಗೀರುತ್ತಿದ್ದ. ಗೀರು ಬಿದ್ದರೆ ಮೆದು ಕಲ್ಲು, ಚೂರಿಯೇ ಸವೆದು ಕಲ್ಲಿನ ಮೇಲೆ ಬೂದು ಗೆರೆ ಬಿಟ್ಟರೆ ಅಕೀಕಿನ ಜಾತಿ. ಕೊನೆಗೆ ನೆಕ್ಕುತ್ತಿದ್ದ. ಒದ್ದೆಯಾದಾಗ ಹೇಗೆ ಕಾಣುತ್ತದೋ ಸಾಣೆ ಹಿಡಿದ ಮೇಲೂ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ, ಬಳಿಯಲ್ಲಿ ನೀರಿಲ್ಲದಾಗ ನಾಲಗೆಯೇ ಗತಿ ಎಂಬುದು ಅವನ ವಾದ. ಹೊಳೆದಂಡೆಯ ಕಲ್ಲು, ರಸ್ತೆಗೆ ಹಾಕಿದ ಜಲ್ಲಿ, ನೆಂಟರ ಮನೆಯ ಅಂಗಳದ ಮೆಟ್ಟಿಲು ಯಾವುದಕ್ಕೂ ಬಿಡುವಿರಲಿಲ್ಲ.

"ಊರ ಕಲ್ಲೆಲ್ಲ ನೆಕ್ಕಿ ಬಂದ. ಬಾಯಿ ಮುಕ್ಕಳ್ಸದೇ ಒಳಗೆ ಬಂದ್ರೆ ನೋಡು!" ಎಂದು ಆಯಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಲ್ಲುತ್ತಿದ್ದಳು. ಅವನು ಭಟ್ಕಳದಲ್ಲಿ ಸಾಹೇಬರ ಮನೆಯ ಚಹಾ ಕುಡಿದು ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಆದರೆ ಕೇಳುತ್ತಿರಲಿಲ್ಲ. ಕಲ್ಲು ನೆಕ್ಕಿದ್ದಕ್ಕೆ ಗದ್ದಲ ಮಾಡಿದರೆ ಚಹಾದ ವಿಚಾರ ಎತ್ತದೇ ತಪ್ಪಿಸಿಕೊಳ್ಳಬಹುದಿತ್ತು.

ನಾನೂ ಒಂದೆರಡು ಸಲ ಭಟ್ಕಳಕ್ಕೆ ಹೋಗಿದ್ದೇನೆ. ಸಾಹೇಬರ ಜಗಲಿಯಲ್ಲಿ ತಗಡಿನ ತೊಟ್ಟಿ, ತೊಟ್ಟಿಯಲ್ಲಿ ನೀರು. ಸಾಹೇಬರು ಬಿಳಿ ಅಂಗಿಯ ತೋಳು ಮಡಚಿ ಪಾಟಿಯೊಂದನ್ನು ನೀರಲ್ಲಿ ಮುಳುಗಿಸಿ ಎತ್ತಿ ಬಿಸಿಲಿಗೆ ಹಿಡಿದರೆ ನನ್ನ ಉಸಿರು ನಿಲ್ಲುತ್ತಿತ್ತು. ಮಾವ ಮಾತ್ರ ಅದನ್ನು ಇಸಿದುಕೊಂಡು, ಮೇಲಿನ ನೀರು ಒರೆಸಿ, ತೊಡೆಯ ಮೇಲೆ ಇಟ್ಟುಕೊಂಡು ಲೋಕಾಭಿರಾಮ ಮಾತಿಗೆ ತೊಡಗುತ್ತಿದ್ದ. ಕೊಲಂಬೋದ ಮಳೆ, ಹೊನ್ನಾವರದ ಸೊಳ್ಳೆ, ಸೈಕಲ್ ಬೆಲೆ. ಕಲ್ಲಿನಲ್ಲಿ ಬಿರುಕಿದ್ದರೆ ಅದು ನೀರು ಕುಡಿಯುತ್ತದೆ. ಸುತ್ತಲೆಲ್ಲ ಒಣಗಿದ ಮೇಲೂ ಅಲ್ಲೊಂದು ಕೂದಲೆಳೆಯಷ್ಟು ಕಪ್ಪು ಗೆರೆ ಸ್ವಲ್ಪ ಹೊತ್ತು ಉಳಿಯುತ್ತದೆ. ಅದನ್ನು ನೋಡಬೇಕಾದರೆ ಕಾಯಬೇಕು. ಮಾವ ಕಾಯುತ್ತಿದ್ದ. ಗೆರೆ ಕಂಡರೆ ನಮಸ್ಕಾರ ಹೇಳಿ ಪಾಟಿಯನ್ನು ವಾಪಸು ಕೊಡುತ್ತಿದ್ದ.

"ಎಂತ ಭಟ್ರೇ, ನೀವು ಕಲ್ಲು ತಗೊಳ್ಲಿಕ್ಕೆ ಬಂದದ್ದೋ ಒಣಗ್ಸ್ಲಿಕ್ಕೆ ಬಂದದ್ದೋ?" ಎಂದು ಸಾಹೇಬರು ಕೇಳುತ್ತಿದ್ದರು. ಆದರೂ ಇನ್ನೊಂದು ಚಹಾ ತರಿಸುತ್ತಿದ್ದರು.

ಇಡಗುಂಜಿಯ ಗಣಪತಿ ಗುಡಿಗೆ ಹೋದಾಗಲೂ ಇದೇ ಆಯಿತು. ಅಭಿಷೇಕ ಮುಗಿದು ಜನ ಎಲ್ಲ ಪ್ರಸಾದಕ್ಕೆ ಹೋದರೂ ಮಾವ ಗರ್ಭಗುಡಿಯ ಎದುರು ಕಣ್ಣು ಪಿಳುಕಿಸದೇ ಕೂತಿದ್ದ. ಅರ್ಚಕರು ಇಂಥ ಭಕ್ತಿ ಕಂಡದ್ದಿಲ್ಲವೆಂದು ಎರಡು ಪೊಟ್ಟಣ ಪಂಚಕಜ್ಜಾಯ ಕೊಟ್ಟರು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ನನ್ನ ಕಿವಿಯಲ್ಲಿ, "ಬಿರುಕಿಲ್ಲೆ ಕೂಸೇ, ಅಡ್ಡಿಲ್ಲೆ" ಎಂದ. ದೇವರನ್ನೂ ಒಣಗಿಸಿ ನೋಡಿದ ಮನುಷ್ಯ ಅವನೊಬ್ಬನೇ ಇರಬೇಕು.

ಇಲ್ಲಿಯವರೆಗೆ ನಗಾಡಿದಿರಿ. ಆದರೆ ನನ್ನ ಮದುವೆ ಮಾಡಬೇಕಾಗಿದ್ದವನೂ ಇದೇ ಮಾಬ್ಲ ಮಾವ ಎಂಬುದನ್ನು ನೆನಪಿಟ್ಟುಕೊಳ್ಳಿ.

ಮೊದಲು ಬಂದವನು ಕತಗಾಲದ ಕಡೆಯ ಹುಡುಗ, ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತ. ಟೆರಿಲಿನ್ ಅಂಗಿ, ಪೌಡರು ಹಾಕಿದ ಕುತ್ತಿಗೆ. ನಿಜ ಹೇಳುತ್ತೇನೆ, ಬಾಗಿಲ ಸಂದಿಯಿಂದ ನೋಡಿದ ಕೂಡಲೇ ನಾನು ಮನಸ್ಸಿನಲ್ಲೇ ಕಾರವಾರಕ್ಕೆ ಹೋಗಿ ಮನೆ ಮಾಡಿಬಿಟ್ಟಿದ್ದೆ. ಆಯಿಗೂ ಒಪ್ಪಿಗೆ. ಮಾವ ಒಳಗೆ ಬಂದು ಮೆಲ್ಲಗೆ, "ಮಾಣಿ ಚೊಲೊ ಇದ್ದ. ಆದ್ರೆ ಇನ್ನೂ ಒಣಗಿದ್ನಿಲ್ಲೆ" ಎಂದ.

ಹೊರಗೆ ಹೋಗಿ ಒಂದು ಪಾಟಿಯನ್ನು ನೀರಲ್ಲಿ ಅದ್ದಿ ಇಬ್ಬರ ನಡುವೆ ಚಾಪೆಯ ಮೇಲೆ ಇಟ್ಟ. ಕಲ್ಲು ಒಣಗಲಿ, ಆಮೇಲೆ ಮಾತಾಡೋಣ ಎಂದು ಸುಮ್ಮನೆ ಕೂತ. ಮನುಷ್ಯರ ಎದುರು ಸುಮ್ಮನೆ ಕೂತು ನೋಡಿ, ಅವರು ಏನೇನೋ ಹೇಳತೊಡಗುತ್ತಾರೆ. ಹುಡುಗ ಮೊದಲು ಕಲ್ಲನ್ನು ಹೊಗಳಿದ. ಆಮೇಲೆ ತನ್ನ ಮೇಲಧಿಕಾರಿ ಎಂಥ ದಡ್ಡ ಎಂದು ಹೇಳಿದ. ಚಹಾ ತಣ್ಣಗಾಯಿತೆಂದು ಆಯಿಗೆ ಎರಡು ಸಲ ಕೂಗಿ ಹೇಳಿದ. ಕಲ್ಲಿನ ಅಂಚು ಒಣಗುತ್ತ ಬರುವಾಗ ಜಗಲಿಯ ಸೈಕಲ್ಲಿನ ಕಡೆ ನೋಡಿ, "ಊರಲ್ಲೆಲ್ಲ ಇದ್ನೇ ಹೇಳಿ ನಗ್ಯಾಡ್ತ. ಮದ್ವೆ ಆದ್ಮೇಲೆ ಇದ್ನೆಲ್ಲ ಬಿಡಸ್ತಿ ತಗಳಿ" ಎಂದು ನಕ್ಕ.

ಮಾವ ಪಾಟಿಯನ್ನು ಎತ್ತಿ ಬಟ್ಟೆಯಲ್ಲಿ ಸುತ್ತಿದ. ಅಲ್ಲಿಗೆ ಕಾರವಾರದ ನನ್ನ ಸಂಸಾರ ಮುಗಿಯಿತು.

ಆ ದಿನ ಮಾವನ ಬಗ್ಗೆ ನನಗೆ ಹೆಮ್ಮೆಯಾಗಿತ್ತು. ಆದರೆ ಮುಂದೆ ಬಂದವರಿಗೂ ಅದೇ ಚಾಪೆ, ಅದೇ ಪಾಟಿ. ಒಬ್ಬ ಆಕಳಿಸಿದ, ಆಗಲಿಲ್ಲ. ಒಬ್ಬ ಕಾಲು ಕುಣಿಸುತ್ತಿದ್ದ, ಆಗಲಿಲ್ಲ. ಇನ್ನೊಬ್ಬನಲ್ಲಿ ಏನೂ ಕಾಣಲಿಲ್ಲ, ಬಿರುಕು ಅಷ್ಟು ಒಳಗಿದೆ ಎಂದರೆ ಭಾರಿ ದೊಡ್ಡದೇ ಇರಬೇಕೆಂದು ಮಾವ ಹೆದರಿದ. ಹೊನ್ನಾವರದಲ್ಲಿ ಗಂಡುಗಳನ್ನು ಒಣಹಾಕುವವನೊಬ್ಬ ಇದ್ದಾನೆ ಎಂದು ಕುಮಟೆ, ಶಿರಸಿಯವರೆಗೆ ಸುದ್ದಿಯಾಗಿ, ಮೆಲ್ಲಗೆ ಯಾರೂ ಬರುವುದನ್ನೇ ಬಿಟ್ಟರು. ನನ್ನ ಜೊತೆ ಓದಿದವರು ಮಕ್ಕಳನ್ನು ಎತ್ತಿಕೊಂಡು ನಮ್ಮ ಮನೆ ಮುಂದೆ ಹಾದುಹೋಗುತ್ತಿದ್ದರು. ನಾನು ತುಳಿಯುತ್ತಲೇ ಇದ್ದೆ. ಒಂದು ಕಾಲಕ್ಕೆ ಖುಷಿ ಕೊಟ್ಟಿದ್ದ ಸೈಕಲ್ ಅದು. ಈಗ ಎಷ್ಟು ತುಳಿದರೂ ಯಾವ ಊರೂ ಬರುವುದಿಲ್ಲವಲ್ಲ ಎಂದು ನನಗೆ ನಿಜಕ್ಕೂ ಹೆದರಿಕೆಯಾಗತೊಡಗಿತು. ಮಾವನಿಗೆ ಹೇಳಲು ಬಾಯಿ ಬರಲಿಲ್ಲ. ಅವನು ನನ್ನ ಒಳ್ಳೆಯದಕ್ಕೇ ಮಾಡುತ್ತಿದ್ದ, ಅದೇ ತಾಪತ್ರಯ.

ಮಾವನದು ಇನ್ನೊಂದು ನಿಯಮವಿತ್ತು. ಮಳೆಗಾಲ ಹಿಡಿದ ಮೇಲೆ ಚೌತಿ ಕಳೆಯುವವರೆಗೆ ಕಲ್ಲು ಕೊಳ್ಳುವಂತಿಲ್ಲ. ನಮ್ಮ ಕರಾವಳಿಯ ಆಷಾಢ ಶ್ರಾವಣದಲ್ಲಿ ಉಟ್ಟ ಬಟ್ಟೆಯೇ ಒಣಗುವುದಿಲ್ಲ, ಉಪ್ಪಿನ ಮರಿಗೆಯಲ್ಲಿ ನೀರು ನಿಲ್ಲುತ್ತದೆ, ಕಲ್ಲು ಎಲ್ಲಿಂದ ಒಣಗಬೇಕು? ಬೇರೆ ಸೀಮೆಯ ಹರಳು ಕೆಲಸದವರಿಗೆ ಈ ಕಷ್ಟ ಅರ್ಥವೇ ಆಗಲಿಕ್ಕಿಲ್ಲ. ಅಂಥ ನಿಯಮವನ್ನು ಮಾವ ಒಂದು ಶ್ರಾವಣದಲ್ಲಿ ತಾನೇ ಮುರಿದ. ಸಾಹೇಬರು ಮನೆ ಖಾಲಿ ಮಾಡಿ ಮದರಾಸಿಗೆ ಮಗನ ಹತ್ತಿರ ಹೊರಟಿದ್ದರು. ಇವನು ಸುರಿಯುವ ಮಳೆಯಲ್ಲಿ ತಾರಿ ದಾಟಿ ಹೋಗಿ, ಅವರ ಪೆಟ್ಟಿಗೆಯ ತಳದಲ್ಲಿದ್ದ ಪಾಟಿಯೊಂದನ್ನು ತಂದ. ಮುರುಗಲ ಹಣ್ಣಿನ ಸಿಪ್ಪೆಯ ಕೆಂಪು. ಅಂಥ ಕೆಂಪನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ. ಜಗಲಿಯಲ್ಲಿ ಇಟ್ಟ, ಒಣಗಲಿಲ್ಲ. ಅಟ್ಟದ ಮೇಲಿಟ್ಟ, ಇನ್ನಷ್ಟು ಬೆವರಿತು. ಬಚ್ಚಲ ಒಲೆಯ ಹತ್ತಿರ ಇಟ್ಟಾಗ ಆಯಿ ಕಟ್ಟಿಗೆಯೆಂದು ತಿಳಿದು ಒಳಗೆ ತಳ್ಳುವುದರಲ್ಲಿದ್ದಳು. ಹಗಲೆಲ್ಲ ಅದನ್ನು ಒರೆಸಿ ಒರೆಸಿ ನೋಡುತ್ತ, ಇದ್ದೀತು, ಇರಲಿಕ್ಕಿಲ್ಲ ಎಂದು ಗೊಣಗುತ್ತ ಕೂರುತ್ತಿದ್ದ.

ಅದೇ ವಾರ ಕುಮಟೆಯ ಹೈಸ್ಕೂಲೊಂದರ ಲೆಕ್ಕದ ಮಾಸ್ತರರೊಬ್ಬರು ನಮ್ಮ ಮನೆ ಬಾಗಿಲಿಗೆ ಬಂದರು. ಮಧ್ಯಸ್ಥರು ಯಾರೋ ಹೇಳಿ ಕಳಿಸಿದ್ದರಂತೆ. ಬಸ್ಸು ಕರ್ಕಿಯ ಹತ್ತಿರ ಕೆಟ್ಟು ನಿಂತು, ಅಲ್ಲಿಂದ ನಡೆದು, ದಾರಿಯಲ್ಲಿ ಕೊಡೆ ಮಗುಚಿ, ತಲೆಯಿಂದ ಪಾದದವರೆಗೆ ನೀರು ಸುರಿಯುತ್ತಿತ್ತು. ಮಾವ ಗಂಡಿನ ಕಡೆ ನೋಡಿದ, ಒರಗಿಸಿಟ್ಟ ಪಾಟಿಯ ಕಡೆ ನೋಡಿದ. ಇಷ್ಟು ಒದ್ದೆಯಾದ ವರನನ್ನು ಅವನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅಂಗಿ ಪಂಚೆ ಬಚ್ಚಲಿನ ತಂತಿಗೆ ಹೋದವು. ಮಾಸ್ತರರು ಎತ್ತರ, ಮಾವ ಗಿಡ್ಡ. ಮಾವನ ಪಂಚೆ ಅವರ ಮೊಣಕಾಲಿಗೇ ಮುಗಿಯಿತು. ಬಟ್ಟೆ ಒಣಗದೆ ಹೊರಡುವಂತಿಲ್ಲ, ಬಟ್ಟೆ ಒಣಗುವಂತಿಲ್ಲ. ಆ ದಿನ ಉಳಿದರು. ಕುಳಿತಲ್ಲೇ ಹಲ್ಲು ಕಟಕಟ ಎನ್ನುತ್ತಿತ್ತು. ನಾನು ಯಾವಾಗಿನಂತೆ ಸೈಕಲ್ ಹತ್ತಲು ಹೋದಾಗ ಅವರು ಎದ್ದು ಬಂದರು.

"ಆನು ತುಳಿಲಾ? ಚಳಿ ಆಗ್ತಾ ಇದ್ದು."

ಗಿಡ್ಡ ಪಂಚೆ ಉಟ್ಟು ಲೇಡೀಸ್ ಸೈಕಲ್ ಹತ್ತಿ ಅವರು ತುಳಿಯತೊಡಗಿದರು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ರಸ್ತೆಯಲ್ಲಿ ಕೊಡೆ ಹಿಡಿದು ಹೋಗುತ್ತಿದ್ದವರು ನಿಂತು ನೋಡಿದರು. ಇವರು ಅವರಿಗೆ ಕೈ ಬೀಸಿದರು. ನಾನು ಎಂದೂ ಕೂರದ ಜಾಗದಲ್ಲಿ, ಸಾಣೆಯ ಎದುರಿಗೆ ಕೂತು, ಕೋಲು ಹಿಡಿದು, ಮೊದಲ ಸಲ ಒಂದು ಕಲ್ಲನ್ನು ನಾನೇ ಉಜ್ಜಿದೆ. ಅದು ಕೋಳಿಮೊಟ್ಟೆಯೋ ಹಲಸಿನ ಬೇಳೆಯೋ ಗೊತ್ತಾಗದ ಆಕಾರಕ್ಕೆ ಬಂತು. "ಚೊಲೊ ಆತು" ಎಂದು ಅವರು ಶುದ್ಧ ಸುಳ್ಳು ಹೇಳಿದರು.

ಮರುದಿನ ಅರೆಒದ್ದೆ ಅಂಗಿಯಲ್ಲೇ ಅವರು ಹೊರಟುಹೋದ ಮೇಲೆ ಮಾವ ಕೆಂಪು ಪಾಟಿ ತೊಡೆಯ ಮೇಲಿಟ್ಟುಕೊಂಡು ಹೇಳಿದ, "ಚೌತಿ ಕಳೀಲಿ. ಬಿಸ್ಲು ಬರ್ಲಿ. ಮತ್ತೊಂದ್ಸಲ ಬಪ್ಪಲೆ ಹೇಳನ. ಈಗ ಎಂತದೂ ಕಾಣ್ತಿಲ್ಲೆ."

ಆಯಿ ಅಡುಗೆಮನೆಯಿಂದ ಹೊರಗೆ ಬಂದಳು. ಸೌಟು ಕೈಯಲ್ಲಿರಲಿಲ್ಲ.

"ಮಾಬ್ಲಾ, ನೀ ಎಂತಕ್ಕೆ ಹೀಂಗೆ ಮಾಡ್ತೆ ಹೇಳಿ ನಂಗೆ ಗೊತ್ತಿದ್ದು. ನನ್ನ ಮದ್ವೆ ಒಂದೇ ದಿನದಲ್ಲಿ ನೋಡಿ ಮಾಡಿದ್ದು ಹೌದು. ಅವ್ರ ಎದೆ ಸರಿ ಇಲ್ಲೆ ಹೇಳಿ ವಾರದೊಳಗೇ ನಂಗೆ ಗೊತ್ತಾತು. ಆದ್ರೆ ಅವ್ರು ಇಪ್ಪಷ್ಟು ದಿನ ಇಬ್ರೂ ನಗ್ಯಾಡ್ತಾನೇ ಇದ್ದಿದ್ಯ. ಈ ಕೂಸು ಹುಟ್ಟಿದ್ದು ಅದ್ರಲ್ಲೇ. ನೀ ಆ ದಿನಾನೇ ಬ್ಯಾಡಾಗಿತ್ತು ಹೇಳ್ತ್ಯ?"

ಮಾವ ಪಾಟಿಯನ್ನು ಒರೆಸುತ್ತಲೇ ಇದ್ದ. ಆಯಿ ಅಪ್ಪನ ವಿಚಾರ ನನ್ನೆದುರು ಅಷ್ಟು ಮಾತಾಡಿದ್ದು ಅದೇ ಮೊದಲು. ಅವಳು ನಗುತ್ತಿದ್ದ ಹೆಂಗಸು ಎಂಬುದೇ ನನಗೆ ಗೊತ್ತಿರಲಿಲ್ಲ. ನನಗೆ ಅಳು ಬಂತು, ಅಳುತ್ತಲೇ ಹೇಳಿದೆ.

"ಮಾವಾ, ನಂಗೆ ಅಡ್ಡಿಲ್ಲೆ."

"ಒಣಗಿದ್ನಿಲ್ಲೆ ಕೂಸೇ," ಎಂದ, ಬಹಳ ಸಣ್ಣ ದನಿಯಲ್ಲಿ.

"ಒದ್ದೆ ಇದ್ರೂ ಅಡ್ಡಿಲ್ಲೆ."

ಮದುವೆ ನಿಶ್ಚಯವಾಗಿ, ಚೌತಿ ಕಳೆದು, ಬಿಸಿಲು ಬಂತು. ಕೆಂಪು ಪಾಟಿ ಕೊನೆಗೂ ಒಣಗಿತು. ನಟ್ಟ ನಡುವೆ, ಬಣ್ಣ ಎಲ್ಲಿ ಎಲ್ಲಕ್ಕಿಂತ ಗಾಢವಾಗಿತ್ತೋ ಅಲ್ಲೇ, ಒಂದು ಗೆರೆ. ಮಾವ ಅಂಚುಗಳಿಂದ ಯಾರು ಯಾರಿಗೋ ಹರಳು ಮಾಡಿ ಕೊಟ್ಟ. ನನ್ನ ಮದುವೆಯ ಉಂಗುರಕ್ಕೆ ಮಾತ್ರ ಗೆರೆ ಇದ್ದ ತುಂಡನ್ನೇ ಸಾಣೆ ಹಿಡಿದ. "ಒಡದ್ರೆ ನನ್ನ ಬೈಬ್ಯಾಡ. ಚೊಲೊ ಬಣ್ಣ ಇದ್ದಿದ್ದು ಅಲ್ಲೇ" ಎಂದ. ಉಂಗುರ ತೊಡಿಸುವಾಗ ಅವನ ಕಣ್ಣು ಒದ್ದೆಯಾಗಿತ್ತು. ಒಣಗಲಿ ಎಂದು ನಾನು ಕಾಯಲಿಲ್ಲ, ಕಾಲಿಗೆ ಬಿದ್ದುಬಿಟ್ಟೆ.

ನಮ್ಮನೆಯವರಲ್ಲಿ ಬಿರುಕು ಇರಲಿಲ್ಲವೆಂದು ಹೇಳಿದರೆ ಅವರೇ ಮೇಲಿನಿಂದ ನಕ್ಕಾರು. ಸಿಟ್ಟು ಬಂದರೆ ವಾರಗಟ್ಟಲೆ ಬಾಯಿ ಬಿಡುತ್ತಿರಲಿಲ್ಲ. ಚಹಾ ಬೇಕೆಂಬುದನ್ನು ಮಗನ ಮುಖಾಂತರ ಹೇಳಿ ಕಳಿಸುತ್ತಿದ್ದರು, ಮಗನಿಗೆ ಮಾತು ಬರುವ ಮೊದಲು ಬೆಕ್ಕಿಗೆ ಕೇಳುವಂತೆ ಹೇಳುತ್ತಿದ್ದರು. ಸಾಯುವವರೆಗೂ ಒದ್ದೆ ಟವೆಲನ್ನು ಹಾಸಿಗೆಯ ಮೇಲೇ ಎಸೆದರು. ಮಾವ ಬಂದಾಗೆಲ್ಲ ಅದನ್ನು ಎರಡು ಬೆರಳಲ್ಲಿ ಎತ್ತಿ ನನಗೆ ತೋರಿಸಿ, ಹೇಳಿದ್ದೆನಲ್ಲ ಎಂಬಂತೆ ಹುಬ್ಬು ಹಾರಿಸುತ್ತಿದ್ದ. ಈಗ ಹಾಸಿಗೆ ಒಣಗಿಯೇ ಇರುತ್ತದೆ. ಅದಕ್ಕೇನೂ ನಾನು ಹೊಂದಿಕೊಂಡಿಲ್ಲ.

ಉಂಗುರದ ಕಲ್ಲು ಒಡೆಯಲಿಲ್ಲ. ಪಾತ್ರೆ ತೊಳೆದಾಗಲೆಲ್ಲ ನಡುವಿನ ಗೆರೆ ನೀರು ಕುಡಿದು ಕಪ್ಪಾಗುತ್ತದೆ, ಸ್ವಲ್ಪ ಹೊತ್ತಿಗೆ ಮರೆಯಾಗುತ್ತದೆ.

"ಅತ್ತೆ, ಒಣಗ್ತು ನೋಡಿ," ಎಂದು ಸುಧಾ ನನ್ನ ಭುಜ ಅಲುಗಿಸಿದಳು.

ನೋಡಿದೆ. ಚಪ್ಪಡಿ ಪೂರ್ತಿ ಒಣಗಿತ್ತು. ಎಡಗಡೆಯ ಮೂಲೆಯಿಂದ ಓರೆಯಾಗಿ ಒಂದು ಕೂದಲೆಳೆಯ ಗೆರೆ ಮಾತ್ರ ಕಪ್ಪಾಗಿ ಉಳಿದಿತ್ತು. ತರುಣನೂ ನೋಡಿದ, ಅವನ ಮುಖ ಇಳಿಯಿತು. "ಅದು ಡಿಸೈನ್ ಅಮ್ಮಾ, ಕಲ್ಲಿನಲ್ಲೇ ಬರ್ತದೆ," ಎಂದ. ಸುಧಾ ಆಗಲೇ ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ಇನ್ನು ಎಷ್ಟು ಅಂಗಡಿ ಉಳಿದಿವೆ ಎಂದು ಅವಳು ಮನಸ್ಸಿನಲ್ಲೇ ಎಣಿಸುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. ಅವಳ ಮುಖ ನೋಡಿ ನನಗೆ ಜಗಲಿಯ ಮೇಲಿನ ಸೈಕಲ್ ನೆನಪಾಯಿತು. ತುಳಿಯುತ್ತಿದ್ದವಳು ಈಗ ಅವಳು.

ಎದ್ದು ಹೋಗಿ ಗೆರೆಯ ಮೇಲೆ ಉಗುರು ಎಳೆದೆ. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ನಂಗೆ ಅಡ್ಡಿಲ್ಲೆ," ಎಂದೆ.

"ಅತ್ತೆ, ಬಿರುಕು ಕಾಣ್ತಾ ಇದ್ದು!"

"ಕಾಣ್ತು," ಎಂದೆ. "ಬಣ್ಣ ಚೊಲೊ ಇದ್ದಿದ್ದೂ ಅಲ್ಲೇ."